ಸ್ವರದ ಜೊತೆ ಗಾಳಿಯೂ ದಾಖಲಾಗಲಿ

ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ರಸ್ತೆ ಎಂಬ ಬೀದಿಯಿದೆ. 1914ರಲ್ಲಿ ಸಾಮಿಕಣ್ಣು ವಿನ್ಸೆಂಟ್ ಕಟ್ಟಿಸಿದ ಚಿತ್ರಮಂದಿರದಿಂದ ಅದಕ್ಕೆ ಆ ಹೆಸರು ಬಂತು. ತಿರುಚಿನಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ನಕ್ಷೆಗಾರರಾಗಿದ್ದ ವಿನ್ಸೆಂಟ್ 1905ರಲ್ಲಿ ಡುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಪ್ರೊಜೆಕ್ಟರನ್ನೂ ಚಿತ್ರದ ಸುರುಳಿಗಳನ್ನೂ ಕೊಂಡರು. ನೌಕರಿ ಬಿಟ್ಟು, ಡೇರೆ ಹೂಡುತ್ತ ಊರೂರು ತಿರುಗಿದರು. ಕೊನೆಗೆ ಕೊಯಮತ್ತೂರಿನಲ್ಲಿ ನೆಲೆಯೂರಿ ಅವರು ಕಟ್ಟಿಸಿದ ವೆರೈಟಿ ಹಾಲ್, ದಕ್ಷಿಣ ಭಾರತದ ಮೊದಮೊದಲ ಕಾಯಂ ಚಿತ್ರಮಂದಿರಗಳಲ್ಲಿ ಒಂದು. ಮುಂದೆ ಅದೇ ಡಿಲೈಟ್ ಚಿತ್ರಮಂದಿರವಾಯಿತು.

ಅಲ್ಲಿಂದ ಅವಿನಾಶಿಯ ಕಡೆ ಹೊರಟರೆ ದಾರಿಯಲ್ಲಿ ಕರುಮತ್ತಂಪಟ್ಟಿ ಸಿಗುತ್ತದೆ. ಹದಿನೇಳನೇ ಶತಮಾನದಲ್ಲಿ ಮೈಸೂರು ಮಿಷನ್ನಿನ ಜೆಸ್ಯುಯಿಟ್ ಪಾದ್ರಿಗಳು ನೆಲೆ ಮಾಡಿಕೊಂಡ ಊರು ಅದು. ಮೈಸೂರಿನವರು ದೊಡ್ಡಸ್ವಾಮಿ ಎಂದು ಕರೆದ ಪಾದ್ರಿ ಅಬ್ಬೆ ದುಬಾಯ್ ಕೆಲಸ ಮಾಡಿದ ಊರೂ ಹೌದು. ಪಕ್ಕದ ಸೋಮನೂರು ವಿದ್ಯುತ್ ಮಗ್ಗಗಳ ಸೀಮೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರ ಕುಟುಂಬಗಳಿವೆ. ಈ ಸೀಮೆಯ ಹಳಮೆ ಹಲವು ಬಗೆಯಲ್ಲಿ ಉಳಿದುಬಂದಿದೆ: ಚರ್ಚಿನ ಕಟ್ಟಡವಾಗಿ, ಬೀದಿಯ ಹೆಸರಾಗಿ, ನೇಯ್ಗೆಯ ಕಸುಬಾಗಿ, ಮನೆಯ ಮಾತಾಗಿ. ಉಳಿಯದೆ ಹೋದದ್ದು ಸದ್ದು. ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕ ಕುಳಿತು ನುಡಿಸುತ್ತಿದ್ದ ಹಾರ್ಮೋನಿಯಂ, ತಬಲಾ, ಕಥೆ ಹೇಳುವವನ ದನಿ, ಇವು ಹೇಗೆ ಕೇಳಿಸುತ್ತಿದ್ದವು ಎಂದು ಇವತ್ತು ಯಾರೂ ತೋರಿಸಿಕೊಡಲಾರರು.

ಅದೇ ಕಾಲದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ಇದೇ ಕೆಲಸವನ್ನು ಮಾಡುತ್ತಿದ್ದದ್ದು ಥಿಯೇಟರ್ ಪೈಪ್ ಆರ್ಗನ್. ಆ ವಾದ್ಯದ ಕಥೆಗೆ ಎರಡನೆಯ ಜನ್ಮ ಸಿಕ್ಕಿದೆ. ಅಳಿದುಳಿದ ಆರ್ಗನ್‌ಗಳ ಒಂದೊಂದು ಕೊಳವೆಯ ಧ್ವನಿಯನ್ನೂ ಬೇರೆಬೇರೆಯಾಗಿ ಮುದ್ರಿಸಿ, ಕಂಪ್ಯೂಟರಿಗೆ ತುಂಬಿ, ಕೀಬೋರ್ಡಿನಿಂದ ನುಡಿಸುವ ತಂತ್ರಾಂಶಗಳು ಬಂದಿವೆ. ಈ ಕೆಲಸದಲ್ಲಿ ತೊಡಗಿದವರು ಎರಡು ದಶಕಗಳಲ್ಲಿ ಎದುರಿಸಿದ ಪ್ರಶ್ನೆಗಳನ್ನು ಕನ್ನಡ ರಂಗಭೂಮಿಯವರು ಕಿವಿಗೊಟ್ಟು ಕೇಳಬೇಕು. ನಾಟಕ ಕಂಪನಿಗಳ ಕಾಲಿನ ಹಾರ್ಮೋನಿಯಂ ಇನ್ನೂ ಅಲ್ಲೊಂದು ಇಲ್ಲೊಂದು ಉಸಿರಾಡುತ್ತಿದೆ, ಅದನ್ನು ಇದೇ ಶ್ರದ್ಧೆಯಿಂದ ದಾಖಲಿಸುವ ಅವಕಾಶ ಇನ್ನೂ ಕೈಯಲ್ಲಿದೆ.

ಥಿಯೇಟರ್ ಆರ್ಗನ್ ಹುಟ್ಟಿದ್ದು ಖರ್ಚಿನ ಲೆಕ್ಕದಿಂದ. ಮೂಕಿ ಚಿತ್ರಕ್ಕೆ ದಿನಕ್ಕೆ ಹಲವು ಆಟ. ಪ್ರತಿ ಆಟಕ್ಕೂ ವಾದ್ಯವೃಂದ ಇಡುವುದು ದುಬಾರಿ. ಒಬ್ಬನೇ ವಾದಕ ಅಷ್ಟೂ ಕೆಲಸ ಮಾಡುವಂಥ ಯಂತ್ರ ಬೇಕಿತ್ತು. ಇಂಗ್ಲೆಂಡಿನಲ್ಲಿ ಟೆಲಿಫೋನ್ ಎಂಜಿನಿಯರಾಗಿದ್ದ ರಾಬರ್ಟ್ ಹೋಪ್-ಜೋನ್ಸ್ ಕೊಳವೆಗಳ ಕವಾಟಗಳನ್ನು ವಿದ್ಯುತ್ತಿನಿಂದ ತೆರೆಯುವ ವಿಧಾನವನ್ನು ರೂಢಿಸಿದ. 1903ರಲ್ಲಿ ಅಮೆರಿಕಕ್ಕೆ ಹೋದವನು 1910ರಲ್ಲಿ ವುರ್ಲಿಟ್ಸರ್ ಕಂಪನಿ ಸೇರಿದ. ಆ ಕಂಪನಿ ಮುಂದಿನ ಮೂರು ದಶಕಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಥಿಯೇಟರ್ ಆರ್ಗನ್‌ಗಳನ್ನು ತಯಾರಿಸಿತು. ವಿದ್ಯುತ್ ಜೋಡಣೆಯಿಂದಾಗಿ ಕೊಳವೆಗಳ ಒಂದೇ ಸಾಲನ್ನು ಬೇರೆಬೇರೆ ಸ್ಥಾಯಿಗಳಲ್ಲಿ, ಬೇರೆಬೇರೆ ಕೀಬೋರ್ಡುಗಳಿಂದ ನುಡಿಸಲು ಬಂತು. ಹೀಗೆ ಹತ್ತೇ ಸಾಲುಗಳ ಆರ್ಗನ್ ಕೂಡ ದೊಡ್ಡ ಮೇಳದಂತೆ ಕೇಳಿಸುತ್ತಿತ್ತು. ಇದರ ಜೊತೆಗೆ ನಿಜವಾದ ಡ್ರಮ್ಮು, ತಾಳ, ಕ್ಸೈಲೋಫೋನ್, ಹಕ್ಕಿಯ ಚಿಲಿಪಿಲಿ, ಕಾರಿನ ಹಾರ್ನು, ಎಲ್ಲವೂ ಗಾಳಿಯ ಒತ್ತಡದಿಂದಲೇ ನಡೆಯುತ್ತಿದ್ದವು. 1932ರಲ್ಲಿ ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಸ್ಥಾಪಿಸಿದ ವುರ್ಲಿಟ್ಸರ್‌ಗೆ 58 ಸಾಲು, 4,410 ಕೊಳವೆ.

ಆ ಹೊತ್ತಿಗಾಗಲೇ ಅದರ ಕಾಲ ಮುಗಿಯುತ್ತ ಬಂದಿತ್ತು. ಅಮೆರಿಕದಲ್ಲಿ 1927ರ ‘ದಿ ಜಾಝ್ ಸಿಂಗರ್’ ಮಾತಿನ ಚಿತ್ರಗಳ ಬಾಗಿಲು ತೆರೆಯಿತು. ಭಾರತದಲ್ಲಿ 1931ರಲ್ಲಿ ‘ಆಲಂ ಆರಾ’ ಬಂತು, ಕನ್ನಡದಲ್ಲಿ 1934ರಲ್ಲಿ ‘ಸತಿ ಸುಲೋಚನಾ’. ಆರ್ಗನ್‌ಗಳು ಗುಜರಿಗೆ ಹೋದವು, ಚರ್ಚುಗಳಿಗೆ ಮಾರಾಟವಾದವು, ಕಟ್ಟಡಗಳ ಜೊತೆ ನೆಲಕ್ಕುರುಳಿದವು. 1955ರಲ್ಲಿ ಅಮೆರಿಕನ್ ಥಿಯೇಟರ್ ಆರ್ಗನ್ ಸೊಸೈಟಿ ಹುಟ್ಟಿಕೊಂಡದ್ದು ಉಳಿದವನ್ನಾದರೂ ಕಾಪಾಡಿಕೊಳ್ಳಲು.

ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಮಾರ್ಟಿನ್ ಡೈಡ್ ರೂಪಿಸಿದ ಹಾಪ್ಟ್‌ವೆರ್ಕ್ ಎಂಬ ತಂತ್ರಾಂಶ ಈ ಕಾಪಾಡುವ ಕೆಲಸಕ್ಕೆ ಹೊಸ ದಾರಿ ತೋರಿತು. ಮುಕ್ತ ತಂತ್ರಾಂಶವಾದ ಗ್ರ್ಯಾಂಡ್‌ಆರ್ಗ್ ಕೂಡ ಅದೇ ದಾರಿ ಹಿಡಿಯಿತು. ಪ್ರತಿ ಕೊಳವೆಯ ಸ್ವರವನ್ನೂ ಕೆಲವು ಸೆಕೆಂಡು ಮುದ್ರಿಸುತ್ತಾರೆ. ಅದರಲ್ಲಿ ಮೂರು ಭಾಗ: ಸ್ವರ ಏಳುವ ಗಳಿಗೆ, ನಿಂತು ನುಡಿಯುವ ಹೊತ್ತು, ಕೈ ತೆಗೆದ ಮೇಲೆ ಮಂದಿರದೊಳಗೆ ಕರಗುವ ಕೊನೆ. ನಿಂತು ನುಡಿಯುವ ಭಾಗವನ್ನು ತಂತ್ರಾಂಶ ಸುತ್ತಿಸುತ್ತಿರುತ್ತದೆ, ಬೆರಳು ಎತ್ತಿದಾಗ ಕೊನೆಯ ಭಾಗಕ್ಕೆ ಜಿಗಿಯುತ್ತದೆ. ಚುಟುಕಾಗಿ ಒತ್ತಿದ ಸ್ವರ ಕರಗುವ ರೀತಿಗೂ ದೀರ್ಘವಾಗಿ ಹಿಡಿದ ಸ್ವರ ಕರಗುವ ರೀತಿಗೂ ವ್ಯತ್ಯಾಸವಿರುವುದರಿಂದ, ಒಂದೇ ಕೊಳವೆಗೆ ಎರಡು ಮೂರು ಬಗೆಯ ಕೊನೆಗಳನ್ನು ಮುದ್ರಿಸಬೇಕು. 73 ಕೊಳವೆಗಳ ಹತ್ತು ಸಾಲುಗಳಿದ್ದರೆ 730 ಕೊಳವೆ. ಕಂಪನವಿಲ್ಲದೆ ಒಮ್ಮೆ, ಕಂಪನದೊಡನೆ ಒಮ್ಮೆ, ಮೂರು ಬಗೆಯ ಕೊನೆಗಳೊಡನೆ ಮುದ್ರಿಸಿದರೆ 4,380 ಮುದ್ರಣ. ಒಂದಕ್ಕೆ 20 ಸೆಕೆಂಡ್ ಹಿಡಿದರೂ ಬರೀ ಧ್ವನಿಯೇ 24 ಗಂಟೆ ಮೀರುತ್ತದೆ. ರಸ್ತೆಯ ಸದ್ದು ಅಡಗಿದ ರಾತ್ರಿಗಳಲ್ಲಿ ಮಾತ್ರ ಈ ಕೆಲಸ ಸಾಧ್ಯ.

ಇಷ್ಟು ಮಾಡಿದರೆ ವಾದ್ಯ ಸಿಕ್ಕಿತೆ? ಸ್ವರಗಳು ಸಿಗುತ್ತವೆ. ವಾದ್ಯ ಸಿಗುವುದು ಸ್ವರಗಳ ನಡುವಿನ ಸಂಬಂಧವನ್ನೂ ಹಿಡಿದಾಗ. ಈ ವ್ಯತ್ಯಾಸವನ್ನು ಥಿಯೇಟರ್ ಆರ್ಗನ್‌ನಷ್ಟು ಕಟುವಾಗಿ ಕಲಿಸಿದ ವಾದ್ಯ ಇನ್ನೊಂದಿಲ್ಲ.

ಮೊದಲನೆಯ ಪಾಠ ಕಂಪನದ್ದು. ಚರ್ಚಿನ ಆರ್ಗನ್ ಸಾಮಾನ್ಯವಾಗಿ ಮೂರು ನಾಲ್ಕು ಅಂಗುಲ ನೀರನ್ನು ಎತ್ತಬಲ್ಲಷ್ಟು ಗಾಳಿಯ ಒತ್ತಡದಲ್ಲಿ ನುಡಿದರೆ, ಥಿಯೇಟರ್ ಆರ್ಗನ್‌ಗೆ ಹತ್ತು ಅಂಗುಲ, ಕೆಲವೆಡೆ ಅದಕ್ಕಿಂತಲೂ ಹೆಚ್ಚು. ಅಷ್ಟು ಬಲದ ಗಾಳಿಯನ್ನು ಟ್ರೆಮ್ಯುಲಂಟ್ ಎಂಬ ಸಾಧನ ಸೆಕೆಂಡಿಗೆ ಆರೇಳು ಸಲ ಅಲುಗಿಸುತ್ತದೆ. ಆಗ ಸ್ವರದ ಎತ್ತರ, ಬಲ, ಬಣ್ಣ ಮೂರೂ ಒಟ್ಟಿಗೆ ತೂಗುತ್ತವೆ. ಮಂದಿರದಲ್ಲಿ ಕೂತವರ ಗಂಟಲು ಉಬ್ಬಿಸುತ್ತಿದ್ದ ಆ ಗದ್ಗದ ಹುಟ್ಟುವುದು ಇದರಿಂದಲೇ. ಒಂದೇ ಗಾಳಿಪೆಟ್ಟಿಗೆಯ ಮೇಲೆ ನಿಂತ ಕೊಳವೆಗಳೆಲ್ಲ ಒಂದೇ ಕ್ಷಣದಲ್ಲಿ ಏರುತ್ತವೆ, ಒಂದೇ ಕ್ಷಣದಲ್ಲಿ ಇಳಿಯುತ್ತವೆ. ಕಂಪನದೊಡನೆ ಬಿಡಿಬಿಡಿಯಾಗಿ ಮುದ್ರಿಸಿದ ಸ್ವರಗಳನ್ನು ಕೀಬೋರ್ಡಿನಲ್ಲಿ ಒಟ್ಟಿಗೆ ಒತ್ತಿದಾಗ ಈ ಒಗ್ಗಟ್ಟು ಒಡೆಯುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಗದ್ಗದದ ಜಾಗದಲ್ಲಿ ಕಲಸುಮೇಲೋಗರ ಕೇಳಿಸುತ್ತದೆ. ಕಂಪನವಿಲ್ಲದೆ ಮುದ್ರಿಸಿ, ಆಮೇಲೆ ತಂತ್ರಾಂಶದಲ್ಲಿ ಕಂಪನ ಸೇರಿಸಿದರೆ ಒಗ್ಗಟ್ಟು ಉಳಿಯುತ್ತದೆ, ಆದರೆ ಪ್ರತಿ ಕೊಳವೆ ತನ್ನದೇ ರೀತಿಯಲ್ಲಿ ಬಣ್ಣ ಬದಲಿಸುವ ಚೆಲುವು ಮಾಯವಾಗುತ್ತದೆ. ಆದ್ದರಿಂದ ಒಳ್ಳೆಯ ಮುದ್ರಣಕಾರರು ಎರಡನ್ನೂ ಮುದ್ರಿಸಿ, ನಿಜವಾದ ಕಂಪನದ ಆಕಾರವನ್ನು ಅಳೆದು, ಅದೇ ಆಕಾರದಿಂದ ಎಲ್ಲ ಸ್ವರಗಳನ್ನೂ ಏಕಕಾಲಕ್ಕೆ ತೂಗುವ ವಿಧಾನ ಹುಡುಕುತ್ತಾರೆ.

ಎರಡನೆಯದು ಗದ್ದಲದ್ದು. ಆರ್ಗನ್‌ಗೆ ಗಾಳಿಯೂದುವ ಬ್ಲೋವರ್ ಸದಾ ಗುಂಯ್‌ಗುಡುತ್ತಿರುತ್ತದೆ, ಪ್ರತಿ ಮುದ್ರಣದಲ್ಲೂ ಅದು ಸೇರಿಕೊಳ್ಳುತ್ತದೆ. ನೂರು ಕೊಳವೆಗಳನ್ನು ಒಟ್ಟಿಗೆ ನುಡಿಸಿದರೆ ಬ್ಲೋವರಿನ ನೂರು ಪ್ರತಿಗಳು ಒಂದರ ಮೇಲೊಂದು ಬಿದ್ದು ಗದ್ದಲ 20 ಡೆಸಿಬೆಲ್ ಏರುತ್ತದೆ. ನಿಜವಾದ ಮಂದಿರದಲ್ಲಿ ಇರುವುದು ಒಂದೇ ಬ್ಲೋವರ್. ಹಾಗಾಗಿ ಶುದ್ಧಿ ಮಾಡದೆ ವಿಧಿಯಿಲ್ಲ. ಆದರೆ ಶುದ್ಧಿ ಮಾಡುವ ತಂತ್ರಾಂಶಕ್ಕೆ ಬ್ಲೋವರಿನ ಗಾಳಿಸದ್ದೂ ಕೊಳವೆಯ ಬಾಯಲ್ಲಿ ಹೊರಡುವ ಉಸಿರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕೈ ಬಿಗಿ ಮಾಡಿದರೆ ಗದ್ದಲ ಉಳಿಯುತ್ತದೆ, ಸಡಿಲ ಬಿಟ್ಟರೆ ಉಸಿರೂ ಕೊಚ್ಚಿ ಹೋಗುತ್ತದೆ. ಉಸಿರು ಹೋದ ಸ್ವರ ಶ್ರುತಿಬದ್ಧವಾಗಿರುತ್ತದೆ, ಸ್ವಚ್ಛವಾಗಿರುತ್ತದೆ, ನಿರ್ಜೀವವಾಗಿಯೂ ಇರುತ್ತದೆ. ಇಲ್ಲಿ ಬೇಕಾದ್ದು ಸಂಯಮ: ಪ್ರತಿ ಸ್ವರದಿಂದ ಬ್ಲೋವರನ್ನು ಎಷ್ಟು ತೆಗೆಯಬೇಕೋ ಅಷ್ಟೇ ತೆಗೆದು, ಅದೇ ಬ್ಲೋವರಿನ ಸದ್ದನ್ನು ಪ್ರತ್ಯೇಕವಾಗಿ ಮುದ್ರಿಸಿ ಒಂದೇ ಒಂದು ಸಲ ಹಿಂದಕ್ಕೆ ಸೇರಿಸುವುದು.

ಮೂರನೆಯದು ಜಾಗದ್ದು. ಥಿಯೇಟರ್ ಆರ್ಗನ್‌ನ ಕೊಳವೆಗಳು ಕಣ್ಣಿಗೆ ಬೀಳುವುದಿಲ್ಲ. ಅವು ಗೋಡೆಯಾಚೆಯ ಕೋಣೆಗಳಲ್ಲಿರುತ್ತವೆ. ಮರದ ದಪ್ಪ ಅಡ್ಡಪಟ್ಟಿಗಳು ತೆರೆದು ಮುಚ್ಚಿ ಧ್ವನಿಯನ್ನು ಏರಿಳಿಸುತ್ತವೆ. ಪಟ್ಟಿ ಮುಚ್ಚಿದಾಗ ಸ್ವರದ ಮೇಲಿನ ಹೊಳಪು ಮೊದಲು ಕಡಿಮೆಯಾಗುತ್ತದೆ, ಕೆಳಗಿನ ಗುಂಗು ಸೋರಿ ಬರುತ್ತಿರುತ್ತದೆ. ಮೈಕನ್ನು ಕೋಣೆಯೊಳಗೆ ಇಟ್ಟರೆ ಕೊಳವೆ ಸ್ಪಷ್ಟ, ಮಂದಿರ ಮಾಯ. ಪ್ರೇಕ್ಷಕರ ಕುರ್ಚಿಯ ಬಳಿ ಇಟ್ಟರೆ ಮಂದಿರ ಸಿಗುತ್ತದೆ, ಆದರೆ ಆ ಮುದ್ರಣವನ್ನು ಬೇರೊಂದು ಸಭಾಂಗಣದಲ್ಲಿ ನುಡಿಸಿದಾಗ ಕೋಣೆಯೊಳಗೆ ಕೋಣೆ ಸಿಕ್ಕಿಕೊಳ್ಳುತ್ತದೆ. ಎರಡೂ ಜಾಗದಲ್ಲಿ ಮುದ್ರಿಸಿ, ಖಾಲಿ ಮಂದಿರದ ಪ್ರತಿಧ್ವನಿಯನ್ನೂ ಅಳೆದಿಟ್ಟರೆ ಮುಂದಿನವರಿಗೆ ಆಯ್ಕೆ ಉಳಿಯುತ್ತದೆ. ಹೀಗೆ ಅಳೆದಿಡುವುದರ ಬೆಲೆ ಪ್ಯಾರಿಸ್ಸಿನಲ್ಲಿ ಗೊತ್ತಾಯಿತು. ನಾತ್ರ್‌ ದಾಮ್ ಚರ್ಚಿನ ನಾದಗುಣವನ್ನು 2013ರಲ್ಲಿ ವಿಜ್ಞಾನಿಗಳು ಅಳೆದಿಟ್ಟಿದ್ದರು. 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಚಾವಣಿ ಕುಸಿದ ಮೇಲೆ, ಹಳೆಯ ಚರ್ಚು ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ಆ ಅಳತೆಗಳು ಆಧಾರವಾದವು.

ಇದೇ ಪ್ರಶ್ನೆಗಳನ್ನು ಬೆಂಗಳೂರು ತನ್ನದೇ ರೀತಿಯಲ್ಲಿ ಎದುರಿಸಿದೆ. 1979ರ ಸುಮಾರಿಗೆ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ರಾಡೆಲ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ತಂಬೂರಿ ತಂದಾಗ ಸಂಗೀತಗಾರರಿಗೆ ದೊಡ್ಡ ಅನುಕೂಲವಾಯಿತು. ತಂಬೂರಿ ಹೊತ್ತು ರೈಲು ಹತ್ತುವ, ಶ್ರುತಿ ಹಿಡಿಯಲು ಮತ್ತೊಬ್ಬರನ್ನು ಕಾಯುವ ಕಷ್ಟ ತಪ್ಪಿತು. ಮೊದಲು ಸರ್ಕಿಟ್‌ಗಳಲ್ಲೇ ಹುಟ್ಟುತ್ತಿದ್ದ ನಾದ, ಮುಂದೆ ನಿಜವಾದ ತಂಬೂರಿಯ ಮುದ್ರಣಗಳಿಂದ ಬರತೊಡಗಿತು. ಆದರೂ ಸೂಕ್ಷ್ಮ ಕಿವಿಯವರಿಗೆ ವ್ಯತ್ಯಾಸ ತಿಳಿಯುತ್ತದೆ. ಕಾರಣವನ್ನು ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ಗುರುತಿಸಿದ್ದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಕೇಳಿಸಬಾರದು ಎನ್ನುತ್ತದೆ ಯಂಗ್–ಹೆಲ್ಮ್‌ಹೋಲ್ಟ್ಸ್ ನಿಯಮ. ತಂಬೂರಿಯಲ್ಲಿ ಮಾತ್ರ ಅವೂ ಬಲವಾಗಿ ಕೇಳಿಸುತ್ತವೆ, ಏಕೆಂದರೆ ಬಾಗಿದ ಕುದುರೆಯ ಮೇಲೆ ಜೀವಾಳಿಯ ನೂಲು ತಂತಿಯನ್ನು ಕ್ಷಣಕ್ಷಣಕ್ಕೂ ಬೇರೆಬೇರೆಯಾಗಿ ತಾಗಿಸುತ್ತದೆ. ಬೆರಳು ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ ಜಾಗಕ್ಕೆ ಬೀಳುತ್ತದೆ. ಒಂದೇ ಮೀಟನ್ನು ಮತ್ತೆ ಮತ್ತೆ ಸುತ್ತಿಸುವ ಪೆಟ್ಟಿಗೆಯಲ್ಲಿ ಈ ವೈವಿಧ್ಯ ಇರಲಾರದು. ಆರ್ಗನ್‌ನ ಗಾಳಿಯಂತೆ ತಂಬೂರಿಯ ಜೀವಾಳಿಯೂ ಸ್ವರಗಳ ನಡುವಿನ ಸಂಬಂಧಕ್ಕೆ ಸೇರಿದ್ದು, ಬಿಡಿ ಸ್ವರಕ್ಕೆ ಸೇರಿದ್ದಲ್ಲ.

ಇನ್ನು ಕಾಲಿನ ಹಾರ್ಮೋನಿಯಂ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡಬೆಯಿನ್ ರೂಪಿಸಿದ ಈ ವಾದ್ಯ ಮಿಷನರಿಗಳ ಜೊತೆ ಭಾರತಕ್ಕೆ ಬಂತು. ಪೈಪ್ ಆರ್ಗನ್ ತರಿಸುವ ಶಕ್ತಿ ಕೆಲವೇ ಚರ್ಚುಗಳಿಗಿತ್ತು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿರುವುದು ಇಂಗ್ಲೆಂಡಿನ ಪೀಟರ್ ಕೊನಾಕರ್ ಕಂಪನಿಯ ಆರ್ಗನ್. ಉಳಿದೆಡೆ ಕಾಲಿನಿಂದ ತಿದಿಯೊತ್ತುವ ಪೆಟ್ಟಿಗೆಯೇ ಸಾಕಾಯಿತು. ಅಲ್ಲಿಂದ ಅದು ಪಾರ್ಸಿ, ಮರಾಠಿ, ಕನ್ನಡ ನಾಟಕ ಕಂಪನಿಗಳ ರಂಗದ ಮುಂದೆ ಬಂದು ಕೂತಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮೇಳಗಳಲ್ಲಿ ಹಾರ್ಮೋನಿಯಂ ಮಾಸ್ತರರ ಸ್ಥಾನ ಮೊದಲ ಸಾಲಿನದು. ಮೈಕಿಲ್ಲದ ಕಾಲದಲ್ಲಿ ನಟನಿಗೆ ಶ್ರುತಿ ಕೊಡುವುದು, ಮಾತಿನಿಂದ ಕಂದಕ್ಕೆ, ಕಂದದಿಂದ ಹಾಡಿಗೆ ಅವನನ್ನು ಕರೆದೊಯ್ಯುವುದು, ಪರದೆ ಬದಲಾಗುವ ತನಕ ಸಭೆಯನ್ನು ಹಿಡಿದಿಡುವುದು, ಎಲ್ಲವೂ ಆ ಎರಡು ಕಾಲು, ಹತ್ತು ಬೆರಳಿನ ಮೇಲೆ. ಕೈ ಎರಡೂ ಬಿಡುವಾಗಿರುವುದರಿಂದ ಕಾಲಿನ ಒತ್ತಡದಲ್ಲೇ ಸ್ವರ ಉಬ್ಬಿಸುವ, ಇಳಿಸುವ ಕಲೆ ಬೆಳೆಯಿತು. ಆರ್. ಪರಮಶಿವನ್ ಅವರಂಥ ಹಿರಿಯರು ಆ ಕಲೆಯನ್ನು ನಮ್ಮ ಕಾಲದವರೆಗೂ ಹೊತ್ತು ತಂದರು.

ಇದರ ದಾಖಲೆ ತೀರ ತೆಳು. ಗ್ರಾಮಫೋನ್ ತಟ್ಟೆಗಳಲ್ಲಿ ಮೂರು ನಿಮಿಷದ ಹಾಡಿನ ಹಿಂದೆ ಹಾರ್ಮೋನಿಯಂ ಮಸುಕಾಗಿ ಕೇಳಿಸುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು, ಮೂರು ದಶಕ ಅದನ್ನು ಮುಂದುವರಿಸಿತು. ಕಂಪನಿ ನಾಟಕಗಳ ಹಿರಿಯ ಮಾಸ್ತರರು ಬದುಕಿದ್ದ ವರ್ಷಗಳವು. ದೇಶದಲ್ಲಿ ಧ್ವನಿಮುದ್ರಣಕ್ಕೆ ಎಲ್ಲಕ್ಕಿಂತ ಹೆಚ್ಚು ಸೌಕರ್ಯವಿದ್ದ ಸಂಸ್ಥೆಯ ಬಾಗಿಲು ಆ ವಾದ್ಯಕ್ಕೆ ಮುಚ್ಚಿತ್ತು. ಈಗ ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ಕಂಪನಿಗಳಲ್ಲೂ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದು ಕೂತಿದೆ. ಆ ಕೀಬೋರ್ಡುಗಳಲ್ಲಿ ಹಾರ್ಮೋನಿಯಂ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬರುವ ನಾದಕ್ಕೆ ತಿದಿಯೂ ಇಲ್ಲ, ಕಾಲೂ ಇಲ್ಲ.

ಕಾಲಿನ ಹಾರ್ಮೋನಿಯಂನ್ನು ಆರ್ಗನ್‌ನಂತೆ ಸ್ವರಸ್ವರವಾಗಿ ದಾಖಲಿಸುವ ಪ್ರಸ್ತಾಪಕ್ಕೆ ಗಂಭೀರ ಆಕ್ಷೇಪಗಳಿವೆ. ನಕಲು ಚೆನ್ನಾದಷ್ಟೂ ಅಸಲನ್ನು ದುರಸ್ತಿ ಮಾಡುವವರು ಕಡಿಮೆಯಾಗುತ್ತಾರೆ ಎಂಬುದು ಮೊದಲನೆಯದು. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ತಂಬೂರಿ ಹಿಡಿದು ಕೂರುವ ಶಿಷ್ಯರು ವಿರಳವಾದದ್ದು ನಿಜ. ಆದರೆ ಕಾಲಿನ ಹಾರ್ಮೋನಿಯಂ ವಿಷಯದಲ್ಲಿ ಆ ಪಲ್ಲಟ ಆಗಲೇ ನಡೆದುಹೋಗಿದೆ, ಅದೂ ಅಗ್ಗದ ನಕಲಿನ ಕೈಯಲ್ಲಿ. ಒಳ್ಳೆಯ ಮುದ್ರಣ ಇದ್ದರೆ ಹೊಸ ನಟನಿಗೆ, ಸಂಗೀತ ನಿರ್ದೇಶಕನಿಗೆ ಹಳೆಯ ನಾದದ ರುಚಿ ಹತ್ತುತ್ತದೆ. ಅಸಲನ್ನು ಹುಡುಕಿಕೊಂಡು ಹೋಗುವವರು ಅಂಥವರೊಳಗಿಂದಲೇ ಬರಬೇಕು. ಸಮಶ್ರುತಿಯ ಈ ವಿದೇಶಿ ಪೆಟ್ಟಿಗೆಗೆ ಗಮಕವೇ ಬರುವುದಿಲ್ಲ, ಅದಕ್ಕೇಕೆ ಇಷ್ಟು ಉಪಚಾರ ಎಂಬುದು ಎರಡನೆಯ ಆಕ್ಷೇಪ. ಶಾಸ್ತ್ರೀಯ ಕಛೇರಿಯ ಅಳತೆಗೋಲಿನಲ್ಲಿ ಅದು ಸರಿ. ರಂಗಸಂಗೀತದ ಅಳತೆಗೋಲೇ ಬೇರೆ. ಕನ್ನಡದ ಸಾವಿರಾರು ರಂಗಗೀತೆಗಳು ಈ ಪೆಟ್ಟಿಗೆಯ ಮುಂದೆ ಹುಟ್ಟಿವೆ, ಅದರ ಇತಿಮಿತಿಗಳೇ ಆ ಮಟ್ಟುಗಳ ನಡಿಗೆಯನ್ನು ತಿದ್ದಿವೆ.

ಮೂರನೆಯ ಆಕ್ಷೇಪ ಹಕ್ಕಿನದು, ಅದು ಎಲ್ಲಕ್ಕಿಂತ ತೂಕದ್ದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಧ್ವನಿಮುದ್ರಣದ ಹಕ್ಕನ್ನು 60 ವರ್ಷಗಳ ಕಾಲ ಮೂಲತಃ ಅದರ ನಿರ್ಮಾಪಕರಿಗೆ ಕೊಡುತ್ತದೆ. ವಾದ್ಯವನ್ನು ಮೂರು ತಲೆಮಾರು ಕಾಪಾಡಿದ ಮನೆಗೆ, ರೀಡು ತಿದ್ದಿ ಶ್ರುತಿ ಕೂಡಿಸಿದ ಕೈಗೆ ಆ ಕಾಯಿದೆಯಲ್ಲಿ ಪಾಲಿಲ್ಲ. ವಾದ್ಯದ ಎಲ್ಲ ಸ್ವರಗಳನ್ನೂ ಕೊಟ್ಟುಬಿಡುವುದೆಂದರೆ ಒಂದು ಹಾಡು ಕೊಟ್ಟಂತಲ್ಲ. ಮುಂದೆ ಅದರಲ್ಲಿ ನುಡಿಯಬಹುದಾದ ಎಲ್ಲ ಹಾಡುಗಳ ಸಾಧ್ಯತೆಯನ್ನು ಕೊಟ್ಟಂತೆ. ಆದ್ದರಿಂದ ಮುದ್ರಣಕ್ಕೆ ಮುಂಚೆಯೇ ಲಿಖಿತ ಒಪ್ಪಂದ ಬೇಕು: ವಾದ್ಯದ ಒಡೆಯರಿಗೂ ಶ್ರುತಿ ಕೂಡಿಸಿದವರಿಗೂ ಹೆಸರು, ಮಾರಾಟದಲ್ಲಿ ಪಾಲು, ಶಾಲೆ ಮತ್ತು ಹವ್ಯಾಸಿ ತಂಡಗಳಿಗೆ ಉಚಿತ ಬಳಕೆ.

ಕೆಲಸದ ಗಾತ್ರ ಹೆದರುವಂಥದ್ದಲ್ಲ. ಮೂರೂವರೆ ಸ್ಥಾಯಿಯ, ಎರಡು ಸಾಲು ರೀಡಿನ ಪೆಟ್ಟಿಗೆ ಎಂದರೆ 42 ಮನೆ, 84 ರೀಡು. ಮೆಲ್ಲಗೆ, ಮಧ್ಯಮ, ಬಲವಾಗಿ ಎಂದು ಮೂರು ಒತ್ತಡಗಳಲ್ಲಿ, ಮೂರು ಬಗೆಯ ಕೊನೆಗಳೊಡನೆ ಮುದ್ರಿಸಿದರೆ 756 ಮುದ್ರಣ. ಒಂದಕ್ಕೆ 20 ಸೆಕೆಂಡಿನಂತೆ ನಾಲ್ಕೂಕಾಲು ಗಂಟೆಯಷ್ಟು ಧ್ವನಿ. ಮೈಕು ಜೋಡಿಸುವ, ತಪ್ಪಿದ್ದನ್ನು ಮತ್ತೆ ಹಿಡಿಯುವ ಹೊತ್ತು ಸೇರಿಸಿದರೂ ಕೆಲವು ರಾತ್ರಿಗಳಲ್ಲಿ ಮುಗಿಯುತ್ತದೆ. ಆದರೆ ಆರ್ಗನ್‌ನವರು ಕಲಿತ ಪಾಠ ಇಲ್ಲಿ ಅಷ್ಟೂ ಉಪಯೋಗಕ್ಕೆ ಬರಬೇಕು. ತಿದಿ ಏಳುವ ಬೀಳುವ ಸದ್ದು, ಮನೆಗಳ ಟಕಟಕ, ಒತ್ತಡ ಕುಸಿದಾಗ ಎಲ್ಲ ಸ್ವರಗಳೂ ಒಟ್ಟಿಗೆ ಸೊರಗುವ ರೀತಿ, ಒಂದೆರಡು ರೀಡು ತಡವಾಗಿ ಏಳುವ ಹಟ, ಇವನ್ನು ಪ್ರತ್ಯೇಕವಾಗಿ ಮುದ್ರಿಸಬೇಕು, ಅಳೆಯಬೇಕು. ಶುದ್ಧಿ ಮಾಡದ ಮೂಲ ಮುದ್ರಣವನ್ನು ಹಾಗೆಯೇ ಇಡಬೇಕು, ನಾಳೆ ಇದಕ್ಕಿಂತ ಜಾಣ ತಂತ್ರಾಂಶ ಬಂದಾಗ ಮರಳಿ ಅದರ ಬಳಿಗೇ ಹೋಗಬೇಕಾಗುತ್ತದೆ.

ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ರಂಗಾಯಣ, ಕರ್ನಾಟಕ ನಾಟಕ ಅಕಾಡೆಮಿ, ಬೆಂಗಳೂರಿನ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯ, ಇವುಗಳಲ್ಲಿ ಯಾರು ಕೈ ಹಾಕಿದರೂ ಇದು ಆಗುವ ಕೆಲಸ. ತಂತ್ರಾಂಶವನ್ನು ಹೊಸದಾಗಿ ಬರೆಯುವ ಅಗತ್ಯವೂ ಇಲ್ಲ. ಗ್ರ್ಯಾಂಡ್‌ಆರ್ಗ್ ಮುಕ್ತವಾಗಿಯೇ ಸಿಗುತ್ತದೆ. ಮೊದಲ ಪೆಟ್ಟಿಗೆಯನ್ನು ಆರಿಸುವಾಗ ಗಾಜಿನ ಕಪಾಟಿನಲ್ಲಿ ಹೊಳೆಯುವ ವಾದ್ಯಕ್ಕಿಂತ ಈಗಲೂ ರಂಗದ ಮುಂದೆ ನುಡಿಯುತ್ತಿರುವ ವಾದ್ಯಕ್ಕೆ ಆದ್ಯತೆ ಸಿಗಬೇಕು. ಕಂದ ಪದ್ಯಕ್ಕೆ ಕಾಲು ಹೇಗೆ ಒತ್ತಬೇಕು, ಯುದ್ಧದ ದೃಶ್ಯಕ್ಕೆ ಹೇಗೆ ಎಂದು ಬಲ್ಲ ಮಾಸ್ತರರು ಅಂಥ ಪೆಟ್ಟಿಗೆಯ ಹಿಂದೆಯೇ ಕೂತಿರುತ್ತಾರೆ. ಅವರ ಕಾಲಿನ ಒತ್ತಡವನ್ನು ಒಂದು ಮಾಪಕ ಕಟ್ಟಿ ಅಳೆದರೆ, ತಂತ್ರಾಂಶದಲ್ಲಿ ಗಾಳಿ ಹೇಗೆ ವರ್ತಿಸಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು.